ಗೇಮ್ ಬಿಡುದಿಲ್ಲ ಮಾಮ

ಆದಿತ್ಯವಾರ ಮಧ್ಯಾಹ್ನ ತಂಗಿಯ ಮಗ ಹೇಳಿದ ಈ ಮೂರು ಶಬ್ದ ಇವತ್ತು ಗುರುವಾರವಾದರೂ ತಲೆಯಿಂದ ಇಳಿದಿಲ್ಲ. ಕಲ್ಸಂಕದ ಟ್ರಾಫಿಕ್ಕಿನಲ್ಲಿ ನಿಂತಾಗಲೂ ಅದೇ, ರಾತ್ರಿ ಮಳೆಯ ಸದ್ದಿಗೆ ಎಚ್ಚರವಾದಾಗಲೂ ಅದೇ.

ಊಟ ಮುಗಿಸಿ ಚಾವಡಿಯಲ್ಲಿ ಅಪ್ಪನ ಫೋನ್ ಹಿಡಿದು ಕೂತಿದ್ದ. ಭಾವ ಒಳ್ಳೆಯ ಮನುಷ್ಯ, ಆದರೆ ಮಗ ಎರಡು ಸಲ ‘ಬೋರ್’ ಅಂದರೆ ಸಾಕು, ಫೋನ್ ಕೊಟ್ಟುಬಿಡುತ್ತಾರೆ. ನನಗೆ ಅದು ಸರಿಕಾಣುವುದಿಲ್ಲ. ಬೈಯಲಿಕ್ಕೆಂದೇ ಹತ್ತಿರ ಹೋದವನು ಪರದೆ ನೋಡಿ ಪಕ್ಕದಲ್ಲೇ ಕೂತೆ. ಪೋಕೆಮಾನ್ ಎಂಬ ಜಪಾನೀ ಕಾರ್ಟೂನ್ ಪ್ರಾಣಿಗಳ ಕಾರ್ಡು! ಬೆರಳಿನಿಂದ ಗೀಚಿದರೆ ಪ್ಯಾಕೆಟ್ಟಿನ ತುದಿ ಹರಿಯುತ್ತದೆ, ಒಳಗಿನಿಂದ ಐದು ಕಾರ್ಡು ಒಂದೊಂದಾಗಿ ಬರುತ್ತವೆ. 2024ರ ಅಕ್ಟೋಬರಿನಲ್ಲಿ ಬಿಡುಗಡೆಯಾದ ಪೋಕೆಮಾನ್ ಟಿಸಿಜಿ ಪಾಕೆಟ್ ಎಂಬ ಆಟ. ಹನ್ನೆರಡು ಗಂಟೆಗೊಂದರಂತೆ ದಿನಕ್ಕೆ ಎರಡು ಪ್ಯಾಕೆಟ್ ಪುಕ್ಕಟೆ. ಇವನು ಶಾಲೆಗೆ ಹೊರಡುವ ಮೊದಲು ಒಂದು, ರಾತ್ರಿ ಊಟದ ಮೇಲೆ ಒಂದು ತೆರೆಯುತ್ತಾನಂತೆ.

ಸಂಗ್ರಹ ತೋರಿಸಿದ. ನಡುವೆ ಕೆಲವು ಜಾಗ ಖಾಲಿ ಇತ್ತು.

“ಸೈಡಕ್ ಇಲ್ವಾ?”

“ನನಗೆ ಬರ್ಲೇ ಇಲ್ಲ. ನನ್ನ ಫ್ರೆಂಡ್ ಹತ್ರ ಮೂರು ಉಂಟು.”

“ನಿನ್ನ ಹತ್ರ ಚಾರಿಝಾರ್ಡ್ ಎರಡುಂಟಲ್ಲ. ಒಂದು ಅವನಿಗೆ ಕೊಟ್ಟು ಸೈಡಕ್ ತೆಗೊ.”

ಅವನು ನನ್ನ ಮುಖ ನೋಡಿದ. “ಗೇಮ್ ಬಿಡುದಿಲ್ಲ ಮಾಮ.”

ಆಮೇಲೆ ತಾಳ್ಮೆಯಿಂದ ವಿವರಿಸಿದ. ಕಾರ್ಡಿನ ಕೆಳಗೆ ವಜ್ರದ ಗುರುತು ಇರುತ್ತದೆ, ಒಂದರಿಂದ ನಾಲ್ಕರವರೆಗೆ. ಅದಕ್ಕೂ ಮೇಲಿನವುಗಳಿಗೆ ನಕ್ಷತ್ರ. ಸೈಡಕ್‌ಗೆ ಒಂದು ವಜ್ರ, ಇವನ ಚಾರಿಝಾರ್ಡ್‌ಗೆ ನಾಲ್ಕು. ಬದಲಿ ಮಾಡುವುದಾದರೆ ಎರಡೂ ಒಂದೇ ದರ್ಜೆಯವಾಗಿರಬೇಕು. ಒಬ್ಬನೇ ಹತ್ತು ಖಾತೆ ತೆರೆದು ಒಳ್ಳೆಯದನ್ನೆಲ್ಲ ಒಂದು ಕಡೆ ಗುಡ್ಡೆ ಹಾಕಬಾರದು ಎಂದು ಕಂಪೆನಿ ಬದಲಿಗೆ ಇಂಥ ಕಟ್ಟುಪಾಡು ಇಟ್ಟಿದೆ. ಮಕ್ಕಳು ಮೋಸಹೋಗುವುದೂ ಇದರಿಂದ ತಪ್ಪುತ್ತದೆ. ನಿಯಮ ತಪ್ಪೆಂದು ನಾನು ಹೇಳುವುದಿಲ್ಲ.

ಆದರೆ ಅದೇ ಬದಲಿಯನ್ನು ನಾನು ಮಾಡಿದ್ದೆ. ಅದೇ ಎರಡು ಕಾರ್ಡು.

ಆಗ ನಾನು ಆರನೆಯ ಕ್ಲಾಸು. ಕಾರ್ಟೂನ್ ನೆಟ್‌ವರ್ಕ್‌ನಲ್ಲಿ ಪೋಕೆಮಾನ್ ಹಿಂದಿಯಲ್ಲಿ ಬರುತ್ತಿತ್ತು. ಉಡುಪಿಯ ನಮ್ಮಂಥ ಎಷ್ಟೋ ಮಕ್ಕಳು ಹಿಂದಿ ಕಲಿತದ್ದೇ ಹಾಗೆ. ಚೀಟೋಸ್ ಪ್ಯಾಕೆಟ್ಟಿನಲ್ಲಿ ಟಾಝೋ ಎಂಬ ಚಿತ್ರದ ಬಿಲ್ಲೆ. ಕುಂಜಿಬೆಟ್ಟಿನ ಗೂಡಂಗಡಿಯಲ್ಲಿ ಒಂದು ಕಡೆ ಕುಸ್ತಿಯವರ ಟ್ರಂಪ್ ಕಾರ್ಡು, ಇನ್ನೊಂದು ಕಡೆ ಪೋಕೆಮಾನ್. ಎಲ್ಲ ನಕಲಿಯೇ. ತೆಳು ರಟ್ಟು, ಒದ್ದೆಯಾದರೆ ಎರಡು ಪದರವಾಗಿ ಬಿಡುತ್ತಿತ್ತು. ಜಪಾನಿನಲ್ಲಿ 1996ರಲ್ಲಿ ಶುರುವಾದ ನಿಜವಾದ ಕಾರ್ಡಿನಾಟದ ನಿಯಮ ನಮ್ಮಲ್ಲಿ ಒಬ್ಬನಿಗೂ ಗೊತ್ತಿರಲಿಲ್ಲ. ನೆಲದಲ್ಲಿಟ್ಟು ಅಂಗೈಯಿಂದ ಬಡಿಯುವುದು, ಮಗುಚಿದರೆ ನಮ್ಮದು. ಅಷ್ಟೆ. ಹಾಗಿದ್ದೂ ಬೆಲೆ ಎಲ್ಲರಿಗೂ ಗೊತ್ತಿತ್ತು. ಬೆಂಕಿಯುಗುಳುವ ಚಾರಿಝಾರ್ಡ್ ಎಲ್ಲಕ್ಕಿಂತ ಮೇಲೆ. ತಲೆ ಹಿಡಿದುಕೊಂಡು ನಿಲ್ಲುವ ಹಳದಿ ಬಾತು ಸೈಡಕ್ ಯಾರಿಗೂ ಬೇಡ.

ಇಡೀ ಕ್ಲಾಸಿನಲ್ಲಿ ಹೊಳೆಯುವ ಚಾರಿಝಾರ್ಡ್ ಇದ್ದದ್ದು ಒಬ್ಬನ ಹತ್ತಿರ. ದಪ್ಪ ಕನ್ನಡಕದ ಹುಡುಗ, ಮಾತು ಕಡಿಮೆ. ಮಧ್ಯಾಹ್ನದ ಮೇಲೆ ಡೆಸ್ಕಿಗೆ ಹಣೆ ಒತ್ತಿ ಮಲಗುತ್ತಿದ್ದ. ಕಳ್ಳಾಟ ಎಂದು ಮಾಸ್ಟ್ರು ಎಬ್ಬಿಸಿ ನಿಲ್ಲಿಸುತ್ತಿದ್ದರು. ಆ ಮಾಸ್ಟ್ರ ಬಗ್ಗೆ ನನಗೆ ಈಗಲೂ ಒಳ್ಳೆಯ ಅಭಿಪ್ರಾಯವಿಲ್ಲ. ಒಂದು ದಿನ ಊಟದ ಬಿಡುವಿನಲ್ಲಿ ಅವನೇ ನನ್ನ ಹತ್ತಿರ ಬಂದ.

“ಆ ಸೈಡಕ್ ಚೇಂಜ್ ಮಾಡುವನಾ?”

“ಎಂತ ಕೊಡ್ತಿ?”

ಕಂಪಾಸ್ ಬಾಕ್ಸಿನಿಂದ ಚಾರಿಝಾರ್ಡ್ ತೆಗೆದು ಮುಂದೆ ಹಿಡಿದ. ನನ್ನ ಸೈಡಕ್‌ನ ಒಂದು ಮೂಲೆ ಹರಿದಿತ್ತು. ನಾನು ಕಾರ್ಡು ಕಸಿದುಕೊಂಡೇ ಹೇಳಿದೆ, “ಪುನಃ ಕೇಳ್ಬಾರ್ದು.”

“ಕೇಳುದಿಲ್ಲ. ಅದಕ್ಕೂ ನನ್ನ ಹಾಗೆ ಯಾವಾಗ್ಲೂ ತಲೆನೋವು,” ಅಂದ.

ಸುತ್ತ ನಿಂತವರು ನಕ್ಕರು. ನಾನೂ ನಕ್ಕೆ. ಸಂಜೆ ಮನೆಗೆ ಓಡಿದ್ದು ನೆನಪಿದೆ, ಕಿಸೆಯ ಮೇಲೆ ಕೈ ಒತ್ತಿಕೊಂಡು. ಮರುವರ್ಷ ಅವನ ಮನೆಯವರು ಮುಂಬೈಗೆ ಹೋದರು. ನಮ್ಮ ಊರಿನಲ್ಲಿ ಅದೇನೂ ಹೊಸತಲ್ಲ, ಪ್ರತಿ ಕ್ಲಾಸಿನಲ್ಲೂ ಹಾಗೆ ಒಂದೆರಡು ಬೆಂಚು ಖಾಲಿಯಾಗುತ್ತಿತ್ತು.

2016ರಲ್ಲಿ ಒಮ್ಮೆ ಅವನ ನೆನಪಾಗಿತ್ತು. ಫೋನ್ ಹಿಡಿದು ಊರು ಸುತ್ತಿ ಪೋಕೆಮಾನ್ ಹಿಡಿಯುವ ಆಟ, ಪೋಕೆಮಾನ್ ಗೋ, ಅದರ ಹುಚ್ಚಿನ ಕಾಲ. ನಮ್ಮ ದೇಶಕ್ಕೆ ಆ ಆಟ ಅಧಿಕೃತವಾಗಿ ಬಂದದ್ದು ಆ ಡಿಸೆಂಬರ್ 14ಕ್ಕೆ, ಜಿಯೋದ ಜೊತೆ. ಆದರೆ ಜುಲೈಯಲ್ಲೇ ಹುಡುಗರು ಎಲ್ಲಿಂದಲೋ ಇಳಿಸಿಕೊಂಡು, ಮಳೆಯಲ್ಲಿ ಫೋನಿಗೆ ಪ್ಲಾಸ್ಟಿಕ್ ಸುತ್ತಿಕೊಂಡು, ಮಣಿಪಾಲದ ಎಂಡ್ ಪಾಯಿಂಟಿನಲ್ಲಿ ಅಲೆಯುತ್ತಿದ್ದರು. ನಾನೂ ಅವರಲ್ಲೊಬ್ಬ. ಆಟದಲ್ಲಿ ಸಿಗುವ ಮೊಟ್ಟೆ ಒಡೆದು ಪೋಕೆಮಾನ್ ಬರಬೇಕಾದರೆ ಎರಡೋ ಐದೋ ಹತ್ತೋ ಕಿಲೋಮೀಟರ್ ನಡೆಯಬೇಕಿತ್ತು. ಅಷ್ಟು ಖುಷಿಯಿಂದ ನಾನು ಊರು ಸುತ್ತಿದ್ದು ಆಗಲೇ. ನೀರಿನ ಹತ್ತಿರ ನೀರಿನ ಪೋಕೆಮಾನ್ ಜಾಸ್ತಿ. ಮಲ್ಪೆಯ ಮರಳಿನಲ್ಲಿ ಹೆಜ್ಜೆಗೊಂದು ಸೈಡಕ್ ಸಿಕ್ಕಿತು, ತಲೆ ಹಿಡಿದುಕೊಂಡು. ಹತ್ತು ಹಿಡಿದ ಮೇಲೆ ಬೇಸರವಾಗಿ ಬಿಟ್ಟೆ. ಆ ಆಟದಲ್ಲಿ ಬದಲಿ ಮಾಡುವ ಸೌಕರ್ಯ ಬಂದದ್ದು 2018ರಲ್ಲಿ, ಅದಕ್ಕೂ ಆಗ ಇಬ್ಬರು ಹತ್ತಿರ ಹತ್ತಿರ ನಿಂತಿರಬೇಕಿತ್ತು. ಅಷ್ಟರಲ್ಲಿ ನನ್ನ ಜೊತೆಯವರೆಲ್ಲ ಬೆಂಗಳೂರು, ದುಬೈ ಸೇರಿದ್ದರು.

ಇಷ್ಟು ವರ್ಷ ಆ ಚಾರಿಝಾರ್ಡನ್ನು ನಾನು ಗೆದ್ದದ್ದು ಎಂದೇ ಎಣಿಸಿದ್ದೆ. ಕಾಲೇಜಿನಲ್ಲಿ ಎಷ್ಟೋ ಸಲ ಕಥೆ ಹೇಳಿದ್ದೇನೆ, ಒಬ್ಬ ಪೆದ್ದನಿಂದ ಹೊಡೆದುಕೊಂಡೆ ಎಂದು. ಈ ವಾರ ಮಾತ್ರ ಲೆಕ್ಕ ಕೂಡುತ್ತಿಲ್ಲ. ನಮ್ಮ ಅಮ್ಮನ ಹತ್ತಿರ ಮದುವೆಯ ಉಡುಗೊರೆ ಬರೆದಿಟ್ಟ ಪುಸ್ತಕವಿದೆ. 501 ಕೊಟ್ಟವರಿಗೆ 501, ಸೀರೆ ಕೊಟ್ಟವರಿಗೆ ಸೀರೆ. ದೊಡ್ಡಮ್ಮ ಮತ್ತು ಅಮ್ಮ ಎರಡು ವರ್ಷ ಮಾತು ಬಿಟ್ಟದ್ದೂ ಆ ಪುಸ್ತಕದ ಒಂದು ಗೆರೆಗಾಗಿ. ಇಬ್ಬರದ್ದೂ ತಪ್ಪು ಎಂದು ನಾನು ಅವರೆದುರೇ ಹೇಳಿದ್ದೇನೆ. ಆದರೆ ಆರನೆಯ ಕ್ಲಾಸಿನಲ್ಲಿ ನನ್ನ ಕೈಯಲ್ಲೂ ಅದೇ ಪುಸ್ತಕವಿತ್ತು. ಅವನಿಗೆ ಬೇಕಾಗಿದ್ದದ್ದು ತನ್ನ ಹಾಗೆ ತಲೆ ಹಿಡಿದುಕೊಂಡು ನಿಂತ ಒಂದು ಜೀವ. ಅದಕ್ಕೆ ತನ್ನಲ್ಲಿದ್ದ ಎಲ್ಲಕ್ಕಿಂತ ದೊಡ್ಡದನ್ನು ಕೊಟ್ಟ. ಅಂಥ ಬದಲಿಯನ್ನು ಯಾವ ಆಟವೂ ಬಿಡಲಾರದು. ಆವತ್ತು ಬಿಡುವುದಕ್ಕೂ ಬಿಡದಿರುವುದಕ್ಕೂ ಅಲ್ಲಿದ್ದದ್ದು ನಾವಿಬ್ಬರೇ.

ಆದಿತ್ಯವಾರವೇ ಅಟ್ಟದಿಂದ ಬಿಸ್ಕೆಟ್ ಡಬ್ಬ ಇಳಿಸಿದೆ. ಚಾರಿಝಾರ್ಡ್ ಇತ್ತು, ಅಂಚು ಬಿಚ್ಚಿಕೊಂಡು, ಹೊಳಪು ಅರ್ಧ ಹೋಗಿ. ತಂಗಿಯ ಮಗ ಅದನ್ನು ತಿರುಗಿಸಿ ಮುರುಗಿಸಿ ನೋಡಿದ. ಡೂಪ್ಲಿಕೇಟ್ ಎಂದು ಗೊತ್ತಾಗಿರಬೇಕು, ಹೇಳಲಿಲ್ಲ. ಯಾರು ಕೊಟ್ಟದ್ದು ಎಂದು ಕೇಳಿದ. ಎಲ್ಲ ಹೇಳಿದೆ, ನಕ್ಕದ್ದನ್ನೂ. ಫೋನ್ ಮಗುಚಿಟ್ಟು ಕೇಳಿಸಿಕೊಂಡ.

“ಸೈಡಕ್‌ನ ಅಟ್ಯಾಕಿನ ಹೆಸರೇ ಹೆಡೇಕ್, ಗೊತ್ತುಂಟಾ ಮಾಮ?” ಅಂದ. ನನಗೆ ಗೊತ್ತಿರಲಿಲ್ಲ.

ಸ್ವಲ್ಪ ಹೊತ್ತು ಸುಮ್ಮನಿದ್ದು ಇನ್ನೊಂದು ಕೇಳಿದ.

“ಅವನ ತಲೆನೋವು ಆಮೇಲೆ ಕಡಿಮೆ ಆಯ್ತಾ?”

ಒಂದು ವರ್ಷ ಒಂದೇ ಕ್ಲಾಸಿನಲ್ಲಿ ಕೂತಿದ್ದೆವು. ನಾನು ಒಮ್ಮೆಯೂ ಕೇಳಿರಲಿಲ್ಲ.