ದಂಬೆ ಸೋರಿದರೆ ಜಾಯಿಂಟ್ ಬಿಚ್ಚಿ ನೋಡಬೇಕು

ವಾಸ್ಕೋದ ನಮ್ಮ ಮನೆ ಮುರಕಲ್ಲಿನ ಗೋಡೆಯದ್ದು, ಮಂಗಳೂರು ಹೆಂಚಿನ ಮಾಡಿನದ್ದು. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಸುರಿಯುವ ಗೋವಾದಲ್ಲಿ ಮಾಡಿನಂಚಿನ ದಂಬೆ, ಅಂದರೆ ಮಳೆನೀರು ಹರಿದುಹೋಗುವ ದೋಣಿಯಂಥ ಕಾಲುವೆ, ಸೋರುತ್ತಿದ್ದರೆ ಅದನ್ನು ಮುಂದಿನ ವರ್ಷಕ್ಕೆಂದು ಬಿಡುವಂತಿಲ್ಲ. ಮುರಕಲ್ಲು ಒಮ್ಮೆ ನೀರು ಕುಡಿದರೆ ಒಳಗಿನ ಗಿಲಾವು ಉಬ್ಬಿ ಕಳಚುತ್ತದೆ, ದೀಪಾವಳಿ ಬಂದರೂ ಗೋಡೆ ಆರುವುದಿಲ್ಲ.

ನಮ್ಮಲ್ಲಿ ನೀರು ಹನಿಯುತ್ತಿದ್ದುದು ಅಡುಗೆಮನೆಯ ಕಿಟಕಿಯ ಮೇಲೆ, ಆದರೆ ಸೋರುತ್ತಿದ್ದುದು ಅಲ್ಲಲ್ಲ. ಜಾಯಿಂಟಿನಿಂದ ಹೊರಬಂದ ನೀರು ದಂಬೆಯ ಹೊಟ್ಟೆಗೆ ಅಂಟಿಕೊಂಡೇ ಹರಿದು, ಮುಂದಿನ ಬ್ರಾಕೆಟ್ ತಾಗಿದಲ್ಲಿ ಕೆಳಗೆ ಬೀಳುತ್ತದೆ. ಆದ್ದರಿಂದ ಬಿಸಿಲಿನ ದಿನ ಏಣಿ ಹಾಕಿ, ದಂಬೆಯ ಹೊರಮೈಯನ್ನು ಬಟ್ಟೆಯಿಂದ ಒರೆಸಿ, ಪ್ರತಿ ಜಾಯಿಂಟಿನ ಅಡಿಗೆ ಹಳೆಯ ಪತ್ರಿಕೆಯ ಹಾಳೆಯೊಂದನ್ನು ಸುತ್ತಿ, ಇಳಿಪೈಪಿನ ಕಡೆಯಿಂದ ಮೇಲಕ್ಕೆ ಒಂದೊಂದೇ ತುಂಡಿಗೆ ಚೊಂಬಿನಲ್ಲಿ ನೀರು ಹೊಯ್ಯುತ್ತಾ ಹೋಗುವುದು ಒಳ್ಳೆಯದು. ಮೊದಲು ತೇವವಾಗುವ ಹಾಳೆಯೇ ಸೋರುವ ಜಾಗವನ್ನು ತೋರಿಸುತ್ತದೆ.

ಇಂಥ ಜಾಯಿಂಟಿಗೆ ಹೊರಗಿನಿಂದ ಎಪಾಕ್ಸಿ ಎಂಬ ಗಟ್ಟಿಯಾಗುವ ಅಂಟನ್ನು ಮೆತ್ತುವುದು ಎಲ್ಲ ಕಡೆ ನಡೆದುಬಂದಿರುವ ಪದ್ಧತಿ. ನಮ್ಮ ಮನೆಗೆ ಬಂದ ಪ್ಲಂಬರ್ ಕೂಡ ಅದನ್ನೇ ಮಾಡಿ ಹೋಗಿದ್ದರು. ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಅದು ಕೂದಲೆಳೆಯಂತೆ ಬಿರುಕು ಬಿಟ್ಟಿತು. ದಂಬೆಯ ಪಿವಿಸಿ ಪ್ಲಾಸ್ಟಿಕ್ ಬಿಸಿಲಿಗೆ ಹಿಗ್ಗುತ್ತದೆ, ಮಳೆಗೆ ಕುಗ್ಗುತ್ತದೆ. ಮೂರು ಮೀಟರ್ ಉದ್ದದ ತುಂಡು 25 ಡಿಗ್ರಿಯ ವ್ಯತ್ಯಾಸಕ್ಕೆ ಸುಮಾರು 5 ಮಿಲಿಮೀಟರ್ ಸರಿಯುತ್ತದೆ. ಸರಿಯಲು ಜಾಗ ಬಿಡದೆ ಅದನ್ನು ಗಟ್ಟಿಯಾಗಿ ಬಿಗಿದರೆ ಅಂಟಾದರೂ ಒಡೆಯುತ್ತದೆ, ದಂಬೆಯಾದರೂ ಒಡೆಯುತ್ತದೆ. ಜಾಯಿಂಟಿನೊಳಗೆ ರಬ್ಬರ್ ಪಟ್ಟಿ ಇರುವುದೇ ಈ ಸರಿದಾಟಕ್ಕಾಗಿ. ಬಿಚ್ಚಿ ನೋಡಿದಾಗ ನಮ್ಮದು ಒಣಗಿ, ಅಂಚಿನಲ್ಲಿ ಹೆಂಚಿನ ಪುಡಿ ಮತ್ತು ಪಾಚಿ ಸೇರಿಕೊಂಡು ಮಡಚಿಹೋಗಿತ್ತು. ಹಳೆಯ ಎಪಾಕ್ಸಿಯನ್ನು ಕೆರೆದು ತೆಗೆದು, ಕೂರುವ ಜಾಗವನ್ನು ಸಾಬೂನು ನೀರಿನಲ್ಲಿ ತೊಳೆದು, ಹೊಸ ಪಟ್ಟಿ ಹಾಕಿ, ಎರಡು ತುಂಡುಗಳ ನಡುವೆ ಹಿಗ್ಗುವಿಕೆಗೆ ಬೇಕಾದಷ್ಟು ಸಂದು ಬಿಟ್ಟು ಕೂರಿಸಿದೆವು. ಪಟ್ಟಿಯ ಬೆಲೆ ಎಪಾಕ್ಸಿಗಿಂತ ಹೆಚ್ಚೇನಲ್ಲ.

ಜಾಯಿಂಟ್ ಸರಿಯಿದ್ದರೂ ಇಳಿಜಾರು ತಪ್ಪಿದರೆ ನೀರು ನಿಲ್ಲುತ್ತದೆ. ಮೀಟರಿಗೆ 5 ಮಿಲಿಮೀಟರಿನಷ್ಟು ಇಳಿಜಾರು ಸಾಕು; ದಾರ ಕಟ್ಟಿ ನೋಡಿದರೆ ಜೋತುಬಿದ್ದ ಬ್ರಾಕೆಟ್ ತಾನಾಗಿ ಗೊತ್ತಾಗುತ್ತದೆ. ಕಡಲ ಗಾಳಿಗೆ ಸಾದಾ ಸ್ಕ್ರೂ ಬೇಗ ತುಕ್ಕು ಹಿಡಿಯುವುದರಿಂದ ಸ್ಟೇನ್‌ಲೆಸ್ ಸ್ಟೀಲಿನದನ್ನೇ ಹಾಕಬೇಕು.

ಇಳಿಪೈಪಿನಲ್ಲಿ ಪ್ರತಿ ತುಂಡಿನ ಅಗಲ ಬಾಯಿ ಮೇಲ್ಮುಖವಾಗಿರಬೇಕು, ಆಗ ಮೇಲಿನ ಪೈಪು ಅದರೊಳಗೆ ಇಳಿದು ನೀರು ಒಳಗೊಳಗೇ ಹೋಗುತ್ತದೆ. ಅವಸರದಲ್ಲಿ ತಲೆಕೆಳಗಾಗಿ ಜೋಡಿಸಿದ ಪೈಪುಗಳನ್ನು ನಮ್ಮ ಓಣಿಯಲ್ಲೇ ನೋಡಿದ್ದೇನೆ. ಅಲ್ಲೆಲ್ಲ ಜಾಯಿಂಟಿನ ಕೆಳಗೆ ಗೋಡೆಯ ಮೇಲೆ ಪಾಚಿಯ ಕಪ್ಪು ಗೆರೆ ಮೂಡಿದೆ.

ನಮ್ಮ ಇಳಿಪೈಪಿನ ನೀರು ಈಗಲೂ ಅಡಿಪಾಯದ ಬುಡಕ್ಕೇ ಬೀಳುತ್ತಿದೆ. ಜೂನ್ ಮೊದಲ ವಾರದೊಳಗೆ ಅಲ್ಲಿಗೊಂದು ಎಲ್ಬೋ (ಬಾಗಿದ ಪೈಪಿನ ತುಂಡು) ಹಾಕಿ, ಪೈಪನ್ನು ಅಂಗಳದ ಚರಂಡಿಯವರೆಗೆ ಎಳೆಯಬೇಕಾಗಿದೆ.