ಅರ್ಧ ಫೀಸು ನಮ್ಮದು

ಕಾಲೇಜಿನಲ್ಲಿ ನಮಗೆ ಆಟ ಕಲಿಸಿದ ದೈಹಿಕ ಶಿಕ್ಷಣ ನಿರ್ದೇಶಕರು, ನಮ್ಮ ಪಿ.ಡಿ. ಸರ್, ತೀರಿಕೊಂಡ ಸುದ್ದಿ ನಮ್ಮ ಹಳೆಯ ಖೋಖೋ ತಂಡದ ವಾಟ್ಸಾಪ್ ಗ್ರೂಪಿನಲ್ಲಿ ಬಂತು. ಅದರ ಕೆಳಗೇ ಒಬ್ಬಳು ಬರೆದಿದ್ದಳು, ಕಾಲೇಜಿನಲ್ಲಿ ಈ ವರ್ಷವೂ ಹುಡುಗಿಯರ ತಂಡ ಇಲ್ಲವಂತೆ ಅಂತ. ಮೊದಲನೆಯದನ್ನು ಓದಿ ಅತ್ತೆ. ಎರಡನೆಯದರ ಸಿಟ್ಟು ಇನ್ನೂ ಇಳಿದಿಲ್ಲ. ಕಾಲೇಜಿನ ಸಂಚಿಕೆಗೆ ನೆನಪು ಬರೆದುಕೊಡಿ ಎಂದು ಸಂಪಾದಕರು ಕೇಳಿದ್ದಾರೆ. ಎರಡನ್ನೂ ಸೇರಿಸಿಯೇ ಬರೆಯುತ್ತಿದ್ದೇನೆ.

ನಾನು ಇಲ್ಲಿ ಬಿ.ಕಾಂ. ಓದಿದ್ದು 1990ರಿಂದ 1993ರವರೆಗೆ. ಏನು ಪಾಠ ಆಯಿತು ಅಂತ ಕೇಳಿದರೆ ಹೇಳೋದು ಕಷ್ಟ. ಆದರೆ ಬೆಳಿಗ್ಗೆ ಆರಕ್ಕೆ ಮೈದಾನದಿಂದ ಬರುತ್ತಿದ್ದ ವಿಸಿಲ್ ಈಗಲೂ ಕಿವಿಯಲ್ಲಿದೆ. ಸರ್ ಹತ್ತಿರ ತಳಕ್ಕೆ ಮೊಳೆಯಿಂದ ತೂತು ಹೊಡೆದ ಒಂದು ಹಾಲಿನಪುಡಿ ಡಬ್ಬ ಇತ್ತು. ಅದಕ್ಕೆ ಸುಣ್ಣದ ಪುಡಿ ತುಂಬಿ, ಹಗ್ಗ ಕಟ್ಟಿ, ಗೆರೆ ಎಳೆಯುತ್ತಿದ್ದರು. ಗೆರೆ ಸ್ವಲ್ಪ ಸೊಟ್ಟಗಾದರೂ ಕಾಲಲ್ಲಿ ಅಳಿಸಿ ಮತ್ತೆ ಎಳೆಯಬೇಕು. ಕಂಬದ ಬುಡಕ್ಕೆ ಮಣ್ಣು ಹಾಕಿ ಗಟ್ಟಿ ಮಾಡೋದು ನಮ್ಮ ಕೆಲಸ. ಕಂಬಕ್ಕೆ ಉಪ್ಪುಕಾಗದ ಉಜ್ಜಿ ಸಿಬಿರು ತೆಗೆಯೋದನ್ನು ಮಾತ್ರ ಅವರು ಯಾರಿಗೂ ಬಿಡುತ್ತಿರಲಿಲ್ಲ. ಉಜ್ಜಿ ಮುಗಿದ ಮೇಲೆ ತಮ್ಮ ಅಂಗೈಯಿಂದ ಕಂಬವನ್ನು ಮೇಲಿಂದ ಕೆಳಗೆ ಸವರಿ ನೋಡುತ್ತಿದ್ದರು. "ಓಡಿ ಬಂದು ಹಿಡಿದು ತಿರುಗೋ ಕೈ ಕಣ್ರಮ್ಮಾ, ಚುಚ್ಚಬಾರದು" ಅನ್ನುತ್ತಿದ್ದರು.

ಅವರು ಬರುವ ಮೊದಲು ನಮ್ಮ ಕಾಲೇಜಿನಲ್ಲಿ ಹುಡುಗರಿಗೆ ಕ್ರಿಕೆಟ್, ವಾಲಿಬಾಲ್, ಕಬಡ್ಡಿ ಎಲ್ಲ ಇತ್ತು. ಹುಡುಗಿಯರಿಗೆ ವಾರ್ಷಿಕೋತ್ಸವದ ಮ್ಯೂಸಿಕಲ್ ಚೇರ್ ಮತ್ತು ರಂಗೋಲಿ ಸ್ಪರ್ಧೆ. ಅಂತರ ಕಾಲೇಜು ಪಂದ್ಯಕ್ಕೆ ಹುಡುಗಿಯರನ್ನೂ ಕಳಿಸೋಣ ಎಂದು ಸರ್ ಕೇಳಿದಾಗ ಬಂದ ಉತ್ತರಗಳನ್ನು ಅವರೇ ನಮಗೆ ಹೇಳಿದ್ದರು. ಜೊತೆಗೆ ಹೋಗೋಕೆ ಲೇಡಿ ಸ್ಟಾಫ್ ಇಲ್ಲ. ಬಟ್ಟೆ ಬದಲಿಸೋಕೆ ಕೋಣೆ ಇಲ್ಲ. ಮೈದಾನ ಖಾಲಿ ಇಲ್ಲ. ಇಷ್ಟೆಲ್ಲ ಆದ ಮೇಲೆ ಕೊನೆಯದು: ಹುಡುಗಿಯರಿಗೆ ಆಸಕ್ತಿಯೇ ಇಲ್ಲ.

ಕಡೆಗೆ ಒಂದು ನೋಟಿಸ್ ಬಿತ್ತು. ಶನಿವಾರದೊಳಗೆ 12 ಹೆಸರು ಬಂದರೆ ತಂಡ, ಇಲ್ಲದಿದ್ದರೆ ಇಲ್ಲ. ನಾವಿದ್ದದ್ದು ಒಂಬತ್ತು ಜನ. ಲೈಬ್ರರಿಯಲ್ಲಿ ಕೂತು ಉಳಿದ ಮೂರು ಹೆಸರನ್ನು ನಾವೇ ಬರೆದೆವು. ಸಹಿಯನ್ನೂ ನಾವೇ ಹಾಕಿದೆವು. ಆ ಧೈರ್ಯ ಮಾಡಿದವಳು ನಾನು, ಪೆನ್ನೂ ನನ್ನದೇ. ಮೂರೂ ಸಹಿ ಹಸಿರು ಇಂಕಿನಲ್ಲಿ, ಒಂದೇ ಕೈಬರಹ. ಸರ್ ಕಾಗದವನ್ನು ಒಂದು ನಿಮಿಷ ನೋಡಿದರು, ಮಡಚಿ ಜೇಬಿಗಿಟ್ಟುಕೊಂಡರು. ಮಾರನೇ ದಿನ ಬೆಳಿಗ್ಗೆ ಹಾಸ್ಟೆಲ್ ಗೇಟಿಗೆ ಬಂದು ಆ ಮೂವರನ್ನೂ ಕರೆಸಿದರು. "ಹೆಸರು ಬಂದಿದೆ ಕಣಮ್ಮಾ, ನೀವು ಯಾವಾಗ ಬರ್ತೀರಾ?" ಅಂದರು.

ಒಬ್ಬಳು ಹೆದರಿ ಒಳಗೆ ಓಡಿದಳು. ಒಬ್ಬಳು ಸ್ಕೋರ್ ಬರೆಯೋಕೆ ಒಪ್ಪಿದಳು. ಮೂರನೆಯವಳು ಹೈಸ್ಕೂಲಿನಲ್ಲೂ ಆಡಿದವಳಲ್ಲ. ಸದಾ ಗೋಡೆ ಪಕ್ಕದ ಬೆಂಚಿನಲ್ಲಿ ಕೂತು ಕಾದಂಬರಿ ಓದುತ್ತಿದ್ದಳು. ಸುಮ್ನೆ ನೋಡೋಣ ಅಂತ ಚಪ್ಪಲಿ ಹಾಕಿಕೊಂಡು ಬಂದಳು. ಎರಡು ತಿಂಗಳಲ್ಲಿ ಅವಳನ್ನು ಮುಟ್ಟೋರೇ ಇಲ್ಲ! ಮೈಸೂರಿನ ಪಂದ್ಯದಲ್ಲಿ ಎದುರು ತಂಡದವರು ಅವಳ ಹಿಂದೆ ಓಡಿ ಓಡಿ ಸುಸ್ತಾದರು. ಖೋ ಕೊಟ್ಟ ಸದ್ದು ಕೇಳುವ ಮೊದಲೇ ಅವಳು ಸಾಲಿನ ಆಚೆ ಬದಿಗೆ ನುಸುಳಿರುತ್ತಿದ್ದಳು. ಆ ವರ್ಷ ವಿಶ್ವವಿದ್ಯಾಲಯ ತಂಡಕ್ಕೆ ನಮ್ಮ ಕಾಲೇಜಿನಿಂದ ಆಯ್ಕೆಯಾದವರು ಇಬ್ಬರು, ಅವಳು ಮತ್ತು ನಾನು. ತಾಲ್ಲೂಕು ಊರಿನ ಕಾಲೇಜಿಗೆ ಅದು ಸಣ್ಣ ಮಾತಲ್ಲ. ಅವಳಿಗೆ ಮುಂದೆ ಕ್ರೀಡಾ ಕೋಟಾದಲ್ಲೇ ಕೆಲಸ ಸಿಕ್ಕಿತು.

ಲೇಡಿ ಸ್ಟಾಫ್ ಸಮಸ್ಯೆ ಬಗೆಹರಿಸಿದ್ದು ನಮ್ಮ ಎಕನಾಮಿಕ್ಸ್ ಮೇಡಂ. ಅವರಿಗೆ ಖೋಖೋದ ಗಂಧಗಾಳಿ ಇರಲಿಲ್ಲ. "ನಾನು ಬರ್ತೀನಿ, ಬಸ್ಸಲ್ಲಿ ಪೇಪರ್ ತಿದ್ದಿಕೊಂಡರಾಯಿತು" ಅಂದರು. ನಿಜವಾಗಿಯೂ ಕೆಂಪು ಬಸ್ಸಿನ ಕುಲುಕಾಟದಲ್ಲಿ ಟೆಸ್ಟ್ ಪೇಪರ್ ತಿದ್ದುತ್ತಿದ್ದರು. ಚೂಡಿದಾರದಲ್ಲಿ ಡೈವ್ ಹೊಡೆದು ದುಪಟ್ಟಾ ಕಾಲಿಗೆ ಸಿಕ್ಕಿದ್ದನ್ನು ಒಮ್ಮೆ ನೋಡಿ, ಪೇಟೆ ಟೈಲರ್ ಹತ್ತಿರ ಎಲ್ಲರಿಗೂ ನೀಲಿ ಪ್ಯಾಂಟು ಹೊಲಿಸಿದರು. ಬಿಲ್ ಪಾಸಾಗಲಿಲ್ಲ. ಆಗ ಮೇಡಂ ಮಾಡಿದ್ದೇ ನನಗೆ ಕಾಲೇಜು ಕಲಿಸಿದ ನಿಜವಾದ ಅರ್ಥಶಾಸ್ತ್ರ. ಒಂದು ಗೆರೆ ನೋಟ್‌ಬುಕ್ಕಿನಲ್ಲಿ ಕ್ರೀಡಾ ಶುಲ್ಕ ಕಟ್ಟಿದವರ ಲೆಕ್ಕ ಒಂದು ಕಡೆ, ಆ ದುಡ್ಡು ಯಾವ ಯಾವ ತಂಡಕ್ಕೆ ಹೋಯಿತು ಅನ್ನೋದು ಇನ್ನೊಂದು ಕಡೆ ಬರೆದರು. ಅದನ್ನು ಹಿಡಿದು ಪ್ರಿನ್ಸಿಪಾಲರ ಕೋಣೆಗೆ ಹೋದರು. "ಅರ್ಧ ಫೀಸು ಹೆಣ್ಣುಮಕ್ಕಳದು ಸಾರ್. ಅರ್ಧ ಮೈದಾನ ಎಲ್ಲಿ?" ಅಂತ ಕೇಳಿದರು. ಬಾಗಿಲ ಹೊರಗೆ ನಿಂತಿದ್ದ ನಾವೆಲ್ಲ ಕೇಳಿಸಿಕೊಂಡೆವು. ಬಿಲ್ ಪಾಸಾಯಿತು. ಬೆಳಗಿನ ಒಂದು ಗಂಟೆ ಮೈದಾನವೂ ನಮ್ಮ ಹೆಸರಿಗೆ ಬಂತು.

ನಾನೀಗ ಇರುವುದು ಅಮೆರಿಕದ ರೋಡ್ ಐಲ್ಯಾಂಡಿನಲ್ಲಿ. ಬ್ರೌನ್ ವಿಶ್ವವಿದ್ಯಾಲಯ ಇರುವುದು ಇಲ್ಲೇ. ನಾವು ಹಸಿರು ಇಂಕಿನಲ್ಲಿ ಸಹಿ ಹಾಕುತ್ತಿದ್ದ ಕಾಲದಲ್ಲೇ, 1991ರಲ್ಲಿ, ಆ ವಿಶ್ವವಿದ್ಯಾಲಯ ಖರ್ಚು ಉಳಿಸೋಕೆ ನಾಲ್ಕು ತಂಡಗಳಿಗೆ ದುಡ್ಡು ನಿಲ್ಲಿಸಿತ್ತು. ಮಹಿಳೆಯರ ಜಿಮ್ನಾಸ್ಟಿಕ್ಸ್, ವಾಲಿಬಾಲ್. ಪುರುಷರ ಗಾಲ್ಫ್, ವಾಟರ್ ಪೋಲೊ. ಎರಡೆರಡು, ಸರಿಸಮ ಅಲ್ವಾ ಅನ್ನಿಸುತ್ತದೆ. ಆದರೆ ಮಹಿಳೆಯರು ಕಳೆದುಕೊಂಡದ್ದು ವರ್ಷಕ್ಕೆ 62 ಸಾವಿರ ಡಾಲರ್, ಪುರುಷರು 16 ಸಾವಿರಕ್ಕಿಂತ ಕಡಿಮೆ. ಅಲ್ಲಿನ ವಿದ್ಯಾರ್ಥಿಗಳಲ್ಲಿ ಹತ್ತಿರ ಹತ್ತಿರ ಅರ್ಧ ಜನ ಹೆಣ್ಣುಮಕ್ಕಳು, ಆಟಗಾರರಲ್ಲಿ ಮಾತ್ರ ಶೇ. 37ರಷ್ಟು. ಬೇಕಿದ್ದರೆ ದಾನಿಗಳಿಂದ ದುಡ್ಡು ತಂದು ಆಡಿ ಅಂದರು. ಜಿಮ್ನಾಸ್ಟಿಕ್ಸ್ ತಂಡದ ಏಮಿ ಕೋಹೆನ್ ಮತ್ತು ಗೆಳತಿಯರು ಕೋರ್ಟಿಗೆ ಹೋದರು. ಅವರಿಗೆ 1972ರ ಟೈಟಲ್ ನೈನ್ ಕಾನೂನಿನ ಬಲ ಇತ್ತು. ಸರ್ಕಾರದ ಹಣ ಪಡೆಯುವ ಶಿಕ್ಷಣ ಸಂಸ್ಥೆಯಲ್ಲಿ ಹೆಣ್ಣು ಗಂಡು ಎಂದು ಭೇದ ಮಾಡುವಂತಿಲ್ಲ ಎನ್ನುವ ಕಾನೂನು ಅದು. ವಿಶ್ವವಿದ್ಯಾಲಯದ ವಾದ ಏನು ಗೊತ್ತಾ? ಹುಡುಗಿಯರಿಗೆ ಆಟದಲ್ಲಿ ಆಸಕ್ತಿ ಕಡಿಮೆ. 1996ರಲ್ಲಿ ಮೇಲ್ಮನವಿ ಕೋರ್ಟು ಅದನ್ನು ಒಪ್ಪಲಿಲ್ಲ. ಅವಕಾಶ ಸಿಕ್ಕಿ, ಆಡಿ ಅನುಭವ ಆದ ಮೇಲೆ ತಾನೇ ಆಸಕ್ತಿ ಬೆಳೆಯೋದು ಎಂಬ ಅರ್ಥದ ಮಾತನ್ನು ತೀರ್ಪಿನಲ್ಲೇ ಬರೆಯಿತು. ಅದನ್ನು ಓದಿದಾಗ ನನಗೆ ನೆನಪಾದದ್ದು ಚಪ್ಪಲಿ ಹಾಕಿಕೊಂಡು ಬಂದ ಆ ಹುಡುಗಿ.

ಕಾನೂನಿನ ಭಯದಿಂದ ಇಲ್ಲಿ ಹೊಸ ತಂಡಗಳೂ ಹುಟ್ಟಿದವು. ಅಮೆರಿಕನ್ ಫುಟ್‌ಬಾಲ್ ತಂಡಗಳಲ್ಲಿ ಗಂಡುಮಕ್ಕಳ ಸಂಖ್ಯೆ ತುಂಬಾ ಜಾಸ್ತಿ. ಅದಕ್ಕೆ ಸರಿದೂಗಿಸಲು ಎಷ್ಟೋ ಕಾಲೇಜುಗಳು ಹುಡುಗಿಯರ ರೋಯಿಂಗ್ ಶುರು ಮಾಡಿದವು. ಒಂದು ದೋಣಿಗೇ ಎಂಟು ಜನ ಹುಟ್ಟು ಹಾಕಬೇಕಲ್ಲ. ನನ್ನ ಮಗಳು ಹೈಸ್ಕೂಲು ಮುಗಿಯುವವರೆಗೆ ದೋಣಿ ಮುಟ್ಟಿದವಳಲ್ಲ. ಕಾಲೇಜಿಗೆ ಹೋಗಿ ರೋಯಿಂಗ್ ತಂಡ ಸೇರಿದಳು. ಲೆಕ್ಕ ಸರಿಮಾಡೋಕೆ ಶುರುವಾದ ತಂಡವಾದರೂ ಅದರಲ್ಲಿ ಕಲಿತ ಶಿಸ್ತು ಅವಳದೇ. ಹಾಗಂತ ಇಲ್ಲೂ ಎಲ್ಲ ಸರಿಹೋಗಿದೆ ಅಂತಲ್ಲ. ಅದೇ ಬ್ರೌನ್ 2020ರಲ್ಲಿ ಮತ್ತೆ 11 ತಂಡಗಳನ್ನು ಕೈಬಿಡಲು ಹೊರಟಿತು. ಮತ್ತೆ ಕೋರ್ಟು ಕಚೇರಿ ಅಲೆದ ಮೇಲೆ ಮಹಿಳೆಯರ ಫೆನ್ಸಿಂಗ್ ಮತ್ತು ಕುದುರೆ ಸವಾರಿ ತಂಡ ಉಳಿದವು.

ನಮ್ಮಲ್ಲಿ ಕೋರ್ಟಿಗೆ ಹೋಗುವಷ್ಟು ಸದ್ದೂ ಆಗಲಿಲ್ಲ. ಸರ್ ನಿವೃತ್ತರಾದರು. ಅವರ ಜಾಗಕ್ಕೆ ಕಾಯಂ ಆಗಿ ಯಾರೂ ಬರಲಿಲ್ಲ. ಮೇಡಂ ಅದಕ್ಕೂ ಮೊದಲೇ ನಿವೃತ್ತರಾಗಿದ್ದರು. ಜೊತೆಗೆ ಹೋಗುವವರಿಲ್ಲ ಅಂತ ಒಂದು ವರ್ಷ ತಂಡ ಹೋಗಲಿಲ್ಲ. ಹೋಗಲಿಲ್ಲ ಅಂತ ಮರುವರ್ಷ ಬಜೆಟ್ಟಿನಲ್ಲಿ ಬರೆಯಲಿಲ್ಲ. ಬರೆದಿಲ್ಲ ಅಂತ ಅದರ ಮುಂದಿನ ವರ್ಷ ಯಾರೂ ಕೇಳಲಿಲ್ಲ. ಕಂಬ ನೆಡುತ್ತಿದ್ದ ಜಾಗದಲ್ಲಿ ಈಗ ಸ್ಕೂಟರ್ ನಿಲ್ಲಿಸುವ ಶೆಡ್ ಇದೆ. ಕಾಲೇಜುಗಳ ಗುಣಮಟ್ಟ ಅಳೆದು ಗ್ರೇಡ್ ಕೊಡುವ ನ್ಯಾಕ್ ತಂಡ ಬರುವ ವರ್ಷ ಹುಡುಗಿಯರಿಗೆ ಜೆರ್ಸಿ ಕೊಟ್ಟು ಫೋಟೋ ತೆಗೆದರು, ಆಮೇಲೆ ಮತ್ತೆ ಮರೆತರು. ಆಡಳಿತ ಮಂಡಳಿಯವರು ಬೇಸರ ಮಾಡಿಕೊಳ್ಳಬಾರದು. ನಮ್ಮ ಕಾಲೇಜೆಂಬ ಸಲುಗೆಯಿಂದ ಹೇಳುತ್ತಿದ್ದೇನೆ.

ಈಗಿನ ಮಕ್ಕಳಿಗೆ ಸೆಮಿಸ್ಟರ್ ಗಡಿಬಿಡಿ, ಇಂಟರ್ನಲ್ಸ್, ಹಾಜರಾತಿ. ಪಂದ್ಯಕ್ಕೆ ಹೋಗಿ ಬಂದರೆ ಒಂದು ಟೆಸ್ಟ್ ತಪ್ಪಿರುತ್ತದೆ. ನಮಗೆ ವರ್ಷಕ್ಕೊಂದೇ ಪರೀಕ್ಷೆ ಇತ್ತು, ಉಸಿರಾಡಲು ಜಾಗ ಇತ್ತು. ಆಟದಲ್ಲಿ ಮುಂದೆ ಬರಬೇಕು ಅನ್ನುವವರು ಮೂಡುಬಿದಿರೆಯ ಆಳ್ವಾಸ್ ಥರದ ಕಡೆ ಹೋಗುತ್ತಾರೆ. ಅಲ್ಲಿ ಆಟಗಾರರಿಗೆ ಓದು, ಊಟ, ವಸತಿ ಉಚಿತ. ಒಳ್ಳೆಯದೇ. ಆದರೆ ಮನೆಯಿಂದ ಅಷ್ಟು ದೂರ ಕಳಿಸದ ಅಪ್ಪ ಅಮ್ಮಂದಿರ ಮಗಳು ಏನು ಮಾಡಬೇಕು? ಅವಳಿಗೆ ಇರೋದು ತಾಲ್ಲೂಕಿನ ಈ ಕಾಲೇಜೇ ಅಲ್ವಾ? 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋಖೋ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡದಲ್ಲಿ ಬಿ. ಚೈತ್ರಾ ಇದ್ದಳು. ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಹುಡುಗಿ. ಫೈನಲ್‌ನಲ್ಲಿ ನೇಪಾಳವನ್ನು 78–40ರಿಂದ ಸೋಲಿಸಿದಾಗ ನಮ್ಮ ಗ್ರೂಪಿನಲ್ಲಿ ರಾತ್ರಿಯಿಡೀ ಮೆಸೇಜು. ನಮ್ಮ ಸುತ್ತಿನ ಹಳ್ಳಿಗಳಲ್ಲೂ ಅಂಥ ಕಾಲುಗಳು ಎಷ್ಟಿವೆಯೋ.

ನಾವು ಹಳೆಯ ಆಟಗಾರ್ತಿಯರು ಸೇರಿ ಪ್ರಾಂಶುಪಾಲರಿಗೆ ಒಂದು ಪತ್ರ ಕಳಿಸಿದ್ದೇವೆ. ಮೊದಲ ವರ್ಷದ ಕಂಬ, ಬಟ್ಟೆ, ಬಸ್ ಚಾರ್ಜು, ಊಟದ ಖರ್ಚು ನಮ್ಮದು. ಎರಡನೇ ವರ್ಷದಿಂದ ಅದು ಕಾಲೇಜಿನ ಬಜೆಟ್ಟಿನಲ್ಲೇ, ಹುಡುಗಿಯರ ಖೋಖೋ ಎಂಬ ಹೆಸರಿನಲ್ಲೇ ಬರಬೇಕು. ದಾನದ ದುಡ್ಡಿನ ಮೇಲೆ ನಿಂತ ತಂಡ ದಾನಿ ಸುಮ್ಮನಾದ ದಿನ ನಿಂತುಹೋಗುತ್ತದೆ. ಜೊತೆಗೆ ಹೋಗಲು ಒಬ್ಬ ಅಧ್ಯಾಪಕಿಯನ್ನು ಲಿಖಿತವಾಗಿ ನೇಮಿಸಬೇಕು, ಪಂದ್ಯದ ದಿನ ತಪ್ಪಿದ ಟೆಸ್ಟನ್ನು ಮತ್ತೆ ಕೊಡಬೇಕು. ಉತ್ತರ ಇನ್ನೂ ಬಂದಿಲ್ಲ. ಈ ಸಂಚಿಕೆ ಅಚ್ಚಾಗುವಷ್ಟರಲ್ಲಿ ಬರುತ್ತದೆ ಎಂದುಕೊಂಡಿದ್ದೇವೆ. ಬರದಿದ್ದರೆ ಡಿಸೆಂಬರಿನಲ್ಲಿ ಊರಿಗೆ ಬಂದಾಗ ನಾವೇ ಬಂದು ಕೇಳುತ್ತೇವೆ.