ಹೆಡ್‌ಸ್ಟಾಕ್ ಕೆತ್ತನೆ: ಮೂರನೇ ವಾರ, ಒಂದು ಮುರಿದ ಸ್ಕ್ರೂ

ಗಿಟಾರಿನ ನೆಕ್ (ಉದ್ದನೆಯ ಕತ್ತು) ಕೈಗೆ ಬಂದಾಗ ಅದರ ತುದಿ, ಅಂದರೆ ತಂತಿ ಬಿಗಿಯುವ ಬಿರಡೆಗಳು ಕೂರುವ ಹೆಡ್‌ಸ್ಟಾಕ್, ದೋಣಿಯ ಹುಟ್ಟಿನ ಹಾಗಿತ್ತು. ಮೇಪಲ್ ಮರ, 15 ಮಿ.ಮೀ. ದಪ್ಪ, ಒಂದು ತೂತೂ ಇಲ್ಲ. ನನ್ನ ಹತ್ತಿರ ಇದ್ದದ್ದು ಒಂದು ಕೋಪಿಂಗ್ ಗರಗಸ, ಕೈಯಲ್ಲಿ ಹಿಡಿಯುವ ಡ್ರಿಲ್, ಒಂದು ಕಡೆ ಚಪ್ಪಟೆ ಇನ್ನೊಂದು ಕಡೆ ದುಂಡಗಿರುವ ಅರ, ಎರಡು ಕ್ಲ್ಯಾಂಪ್ ಮತ್ತು ಸ್ಯಾಂಡ್‌ಪೇಪರ್.

ಮೊದಲ ವಾರ ಪೂರ್ತಿ ಪೆನ್ಸಿಲ್ಲಿಗೇ ಹೋಯಿತು. ರಟ್ಟಿನ ಮೇಲೆ ನಾಲ್ಕು ಚೆಂದದ ಆಕಾರ ಬರೆದೆ. ನಾಲ್ಕೂ ಕಸಕ್ಕೆ. ಆಕಾರ ಮೊದಲು ಬರೆದು ಆಮೇಲೆ ಬಿರಡೆಗಳಿಗೆ ಜಾಗ ಹುಡುಕುತ್ತಿದ್ದೆ. ಅದು ಉಲ್ಟಾ. ತಂತಿ ಮೊದಲು, ಬಿರಡೆ ಆಮೇಲೆ, ಅಂಚು ಕೊನೆಗೆ.

ಆರೂ ಬಿರಡೆ ಒಂದೇ ಸಾಲಿನಲ್ಲಿರಲಿ ಅಂದುಕೊಂಡೆ. ಆಚೆ ಮೂರು ಈಚೆ ಮೂರು ಇಟ್ಟರೆ ನಡುವಿನ ಎರಡು ತಂತಿಗಳು ನಟ್ (ನೆಕ್ಕಿನ ತುದಿಯಲ್ಲಿ ತಂತಿಗಳು ಕೂರುವ ಕಚ್ಚುಗಳಿರುವ ಪಟ್ಟಿ) ದಾಟಿದ ಕೂಡಲೇ ಜಾಸ್ತಿ ಬಾಗುತ್ತವೆ. ಆಗ ನಟ್‌ನ ಕಚ್ಚಿನಲ್ಲಿ ಸಿಕ್ಕಿಕೊಂಡು ಶ್ರುತಿ ಕೆಡುವುದು ಸುಲಭ. ಒಂದೇ ಸಾಲಾದರೆ ತಂತಿ ನೇರ ಹೋಗುತ್ತದೆ. ನಟ್‌ನ ಆರು ಕಚ್ಚಿನಿಂದ ಆರು ಗೆರೆ ಎಳೆದೆ. ಗೆರೆಗಳ ನಡುವೆ 7 ಮಿ.ಮೀ., ಬಿರಡೆಗಳ ನಡುವೆ 25 ಮಿ.ಮೀ. ಅಂದರೆ ಬಿರಡೆಗಳ ಸಾಲು ಸುಮಾರು 16 ಡಿಗ್ರಿ ಓರೆ.

ಇಲ್ಲೇ ಎಡವುತ್ತಿದ್ದೆ. ತೂತಿನ ನಡುಬಿಂದುವನ್ನು ತಂತಿಯ ಗೆರೆಯ ಮೇಲೇ ಗುರುತು ಮಾಡಿದ್ದೆ. ಆದರೆ ತಂತಿ ಬಿರಡೆಯ ಕಂಬದ ನಡುವಿಗೆ ಬರುವುದಿಲ್ಲ, ಪಕ್ಕಕ್ಕೆ ತಾಗಿ ಸುತ್ತಿಕೊಳ್ಳುತ್ತದೆ, ಅಲ್ವಾ? ಕಂಬ 6 ಮಿ.ಮೀ. ದಪ್ಪ. ಹಾಗಾಗಿ ಆರೂ ಗುರುತನ್ನು ಬಿರಡೆ ತಿರುಗಿಸುವ ಕಿವಿಗಳಿರುವ ಕಡೆಗೆ 3 ಮಿ.ಮೀ. ಸರಿಸಿದೆ. ನಟ್‌ನಿಂದ ಹೊಲಿಗೆ ದಾರ ಎಳೆದು ನೋಡಿದಾಗ ಸಮಾಧಾನವಾಯಿತು.

ಎರಡನೇ ವಾರ ಕೊರೆದೆ. ಹಲಗೆ ಇನ್ನೂ ಚೌಕವಾಗಿರುವಾಗಲೇ ಕೊರೆಯುವುದು ಒಳ್ಳೆಯದು. ಕ್ಲ್ಯಾಂಪ್ ಗಟ್ಟಿಯಾಗಿ ಹಿಡಿಯುತ್ತದೆ, ತೂತು ಸ್ವಲ್ಪ ಸರಿದರೂ ಆಕಾರ ಬದಲಿಸಿಕೊಳ್ಳಬಹುದು. ಡ್ರಿಲ್ ನೇರ ಇದೆಯೇ ಅಂತ ನೋಡಲು ಹಳೆಯ ಸಿಡಿ ಬಳಸಿದೆ. ಅದರ ತೂತಿನೊಳಗೆ ಬಿಟ್ ಇಳಿಸಿದರೆ ಕೆಳಗೆ ಬಿಟ್‌ನ ಪ್ರತಿಬಿಂಬ ಕಾಣುತ್ತದೆ. ಬಿಟ್ಟೂ ಬಿಂಬವೂ ಯಾವ ಕಡೆಯಿಂದ ನೋಡಿದರೂ ಒಂದೇ ಗೆರೆಯಾದರೆ ನೇರ ಇದೆ, ಮುರಿದು ಕಂಡರೆ ಓರೆ. ಮೊದಲು 2 ಮಿ.ಮೀ. ಬಿಟ್, ಆಮೇಲೆ 10. ಹಿಂದೆ ಬಿಟ್‌ನ ಮೊನೆ ಇಣುಕಿದ ತಕ್ಷಣ ನಿಲ್ಲಿಸಿ, ತಿರುಗಿಸಿ, ಆ ಕಡೆಯಿಂದ ಮುಗಿಸಿದೆ. ಒಂದು ಸಿಬಿರೂ ಏಳಲಿಲ್ಲ. ಐದನೇ ತೂತು ಅರ್ಧ ಮಿಲಿಮೀಟರ್ ಸರಿದಿದೆ. ಅದು ನನಗೆ ಮಾತ್ರ ಗೊತ್ತು. ಈಗ ನಿಮಗೂ.

ಆಮೇಲೆ ಗರಗಸ. ಗೆರೆಯಿಂದ 2 ಮಿ.ಮೀ. ಹೊರಗೆ ಕೊಯ್ಯುತ್ತಾ ಬಂದೆ. ಕೆಳ ಅಂಚಿನ ಒಳತಿರುವಿಗೆ ಬಂದಾಗ ಆತುರ ಮಾಡಿದೆ. ಮುಂದಿನಿಂದ ನೋಡಿದರೆ ಬ್ಲೇಡ್ ಸರಿಯಾಗೇ ಹೋಗುತ್ತಿತ್ತು. ಹಲಗೆ ತಿರುಗಿಸಿದರೆ ಹಿಂದೆ ಗೆರೆ ದಾಟಿ 1.5 ಮಿ.ಮೀ. ಒಳಗೆ ನುಗ್ಗಿದೆ. ತೆಳು ಬ್ಲೇಡ್ ದಪ್ಪ ಮರದಲ್ಲಿ ವಾಲುತ್ತದೆ, ಮೇಲಿನಿಂದ ಗೊತ್ತೇ ಆಗಲ್ಲ. ಪುಣ್ಯಕ್ಕೆ ಈ ಕಡೆ ಬಿರಡೆ ಇಲ್ಲ. ಇಡೀ ತಿರುವನ್ನೇ 2 ಮಿ.ಮೀ. ಒಳಕ್ಕೆ ಹೊಸದಾಗಿ ಬರೆದೆ. ಸೊಂಟ ಸ್ವಲ್ಪ ಸಣ್ಣದಾಯಿತು. ನಿಜ ಹೇಳಬೇಕೆಂದರೆ ಮೊದಲಿಗಿಂತ ಚೆನ್ನಾಗಿದೆ.

ಮೇಲಿನ ಅಂಚಲ್ಲಿ ಈ ಆಟ ನಡೆಯುವುದಿಲ್ಲ. ತೂತಿನ ನಡುವಿನಿಂದ ಅಂಚಿಗೆ 12 ಮಿ.ಮೀ. ಬಿಟ್ಟಿದ್ದೇನೆ, ನನ್ನ ಬಿರಡೆ ಹಿಡಿದು ಅಳೆದ ಲೆಕ್ಕ ಅದು. ಮರ ಜಾಸ್ತಿ ಉಳಿದರೆ ತಿರುಗಿಸುವಾಗ ಕಿವಿ ಮರಕ್ಕೆ ಉಜ್ಜುತ್ತದೆ.

ಈ ವಾರ ಅರ ಹಿಡಿದೆ. ಒಳತಿರುವಿನಲ್ಲಿ ಎರಡೂ ಕಡೆಯ ದಿಬ್ಬದಿಂದ ಹಳ್ಳದ ಕಡೆಗೇ ತಳ್ಳಬೇಕು. ಹಳ್ಳದಿಂದ ಮೇಲಕ್ಕೆ ತಳ್ಳಿದರೆ ನಾರು ಕಿತ್ತು ಬರುತ್ತದೆ. ಆಮೇಲೆ ಪೈಪಿಗೆ ಸ್ಯಾಂಡ್‌ಪೇಪರ್ ಸುತ್ತಿ, ಒರಟಿನಿಂದ ನಯಕ್ಕೆ, 80, 120, 180, 240 ನಂಬರ್. ಮುಗಿಯಿತು ಅಂದುಕೊಂಡು ಒದ್ದೆ ಬಟ್ಟೆಯಲ್ಲಿ ಒರೆಸಿದೆ. ತುದಿಯ ಅಡ್ಡಕೊಯ್ತದಲ್ಲಿ 80ರ ಗೀರುಗಳೆಲ್ಲ ಹಲ್ಲು ಕಿರಿದವು. ಮತ್ತೆ 120ರಿಂದ ಶುರು. ಉಬ್ಬುತಗ್ಗು ಹುಡುಕುವುದಕ್ಕೆ ಕಣ್ಣಿಗಿಂತ ಹೆಬ್ಬೆರಳು ವಾಸಿ. ಕಣ್ಣು ಮುಚ್ಚಿ ಅಂಚಿನ ಮೇಲೆ ಆಡಿಸಿದರೆ ಸಾಕು.

ನಿನ್ನೆ ಬಿರಡೆ ಕೂರಿಸಿದೆ. ಹಿಂದಿನ ಪುಟ್ಟ ಸ್ಕ್ರೂಗಳಿಗೆ 1.5 ಮಿ.ಮೀ. ತೂತು ಮಾಡಿ, ಮೇಣ ಸವರಿ ತಿರುಗಿಸಿದೆ. ಐದು ಸಲೀಸಾಗಿ ಇಳಿದವು. ಆರನೆಯದಕ್ಕೆ ಮೇಣ ಸವರಲು ಮರೆತೆ. ಟಕ್ ಅಂತ ತಲೆ ಮುರಿದು ಕೈಗೆ ಬಂತು, ಮೈ ಮರದೊಳಗೇ ಉಳಿಯಿತು. ಮೇಪಲ್ ಗಟ್ಟಿ, ಸ್ಕ್ರೂ ಮೆತ್ತಗೆ.

ಆ ಒಂದು ಬಿರಡೆಯನ್ನು ಸದ್ಯಕ್ಕೆ ಮುಂದೆ ಕಂಬದ ಸುತ್ತ ಬಿಗಿಯುವ ಲೋಹದ ನಟ್ಟೇ (ತಂತಿ ಕೂರುವ ನಟ್ ಅಲ್ಲ) ಹಿಡಿದುಕೊಂಡಿದೆ. ಮುರಿದ ತುಂಡಿನ ಸುತ್ತ ಸಣ್ಣ ಬಿಟ್‌ನಿಂದ ಕೊರೆದು, ಇಕ್ಕಳದಲ್ಲಿ ಎಳೆದು, ಕಡ್ಡಿ ಅಂಟಿಸಿ ತೂತು ಮುಚ್ಚಬೇಕು. ಎಣ್ಣೆ ಹಚ್ಚುವುದು ಅದಾದ ಮೇಲೇ.